ಏಳರಲ್ಲಿ ಐದು

ಕುಂಬಳೆಯಲ್ಲಿ, ಹಳಿಯ ಆಚೆ, ಹಿಂದೆ ಹೆಂಚಿನ ಗೋದಾಮು;
ಈಗ ಹದಿನೆಂಟು ಮಂಚ.
ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರದೂ ಫಾರಮು ತುಂಬಬೇಕು:
ಕಳೆದ ಏಳು ದಿನಗಳಲ್ಲಿ ಯಾವ ಮದ್ದು, ಎಷ್ಟು ದಿನ.
ರಾತ್ರಿಪಾಳಿಯ ನರ್ಸು ನಾನು. ಬರೆಯುವುದು ನನ್ನ ಪಾಲು.

ಕೆಂಪು ಮಾತ್ರೆ ಎನ್ನುತ್ತಾರೆ ಪಾಟಾಳಿಯವರು.
ಚೋಪ್ಪು ಗುಳಿಗೆ ಎನ್ನುತ್ತಾರೆ ಉಮ್ಮಾಲಿಯುಮ್ಮ.
ತಾಂಬ್ಡಿ ಗುಳಿ, ಸೆವ್ರಿನ್ ಬಾಯಮ್ಮ.
ಮೂರು ನಾಲಗೆಯಲ್ಲಿ ಒಂದೇ ಬಣ್ಣ;
ಡಬ್ಬಿ ತೆರೆದರೆ ಒಂದು ಕಬ್ಬಿಣದ್ದು, ಒಂದು ವಿಟಮಿನ್ನು,
ಇನ್ನೊಂದು ರಕ್ತದೊತ್ತಡದ್ದು.
ಬಣ್ಣವೇ ಹೆಸರಲ್ಲ ಎಂದು
ಸೇರಿದ ಮೊದಲ ವಾರ ಬೈಸಿಕೊಂಡು ಕಲಿತೆ.

ಇನ್ನೊಂದನ್ನು ತಡವಾಗಿ ಕಲಿತೆ:
ಮದ್ದು ಯಾತಕ್ಕೆ ಕೊಟ್ಟದ್ದೆಂದಲ್ಲ,
ಅದು ಯಾವ ಕುಲದ್ದೋ ಆ ಸಾಲಿನಲ್ಲಿ ಬರೆಯಬೇಕು.
ಬಾಯಮ್ಮನ ಅಂಗಾಲಿನ ಉರಿಗೆಂದು ಕೊಡುವ ಪುಟ್ಟ ಮಾತ್ರೆ
ಹುಟ್ಟಿನಿಂದ ಖಿನ್ನತೆಯದು.
ಹಾಗಾಗಿ ಗುರುತು ಖಿನ್ನತೆಯ ಸಾಲಿಗೇ.
"ಓದು" ಎಂದರು. ಓದಿದೆ.
ಕಾಲಿಗೆ ಮಾತ್ರ ಬಾಯಮ್ಮ, ಇದು ಬರೆಯುವ ಕ್ರಮ ಅಷ್ಟೆ, ಎಂದೆ.
ಅವರು ಹೊದಿಕೆ ಸರಿಸಿ ಪಾದ ನೋಡಿಕೊಂಡರು.
"ಉರಿ ಇಲ್ಲಿಯೇ ಇರುವುದು ಅಂತ
ನಿನಗೆ ಹೇಳಿದ್ದು ಯಾರು?"

ಇರಲಿ. ಹೇಳಲು ಹೊರಟದ್ದು ಪಾಟಾಳಿಯವರ ತೋಳಿನ ವಿಚಾರ.

ಮಹಾಲಿಂಗ ಪಾಟಾಳಿ, ಮೂವತ್ತೊಂದು ವರ್ಷ
ಕಾಸರಗೋಡು ಮಂಗಳೂರು ಬಸ್ಸಿನ ಕಂಡಕ್ಟರು.
ರಕ್ತ ತೆಳ್ಳಗಾಗಿಸುವ ಮಾತ್ರೆ, ರಾತ್ರಿ ಎಂಟಕ್ಕೆ,
ಏಳಕ್ಕೆ ಏಳೂ ದಿನ, ನನ್ನದೇ ಸಹಿ.
ಬುಧವಾರ ತೋಳಿನ ಮೇಲೆ
ನೇರಳೆ ಹಣ್ಣು ಒರೆಸಿದ ಹಾಗೆ ಕಲೆ.
ಗುರುವಾರ ಮೊಣಕೈವರೆಗೆ.
ರಕ್ತ ಪರೀಕ್ಷೆಯ ಅಂಕಿ ಮಿತಿ ದಾಟಿತ್ತು.
ಡಾಕ್ಟರು ಫಾರಮು ತಿರುಗಿಸಿದರು:
ಬೇರೆ ಏನಾದರೂ ತೆಗೊಳ್ತಾರಾ?
"ಇತರ ಪೂರಕಗಳು" ಎಂಬಲ್ಲಿ "ಇಲ್ಲ" ಎಂದಿತ್ತು.
ನನ್ನ ಅಕ್ಷರ.
ಆ "ಇಲ್ಲ" ನಾನು ಯಾರನ್ನೂ ಕೇಳಿ ಬರೆದದ್ದಲ್ಲ.
ಹಿಂದಿನ ಫಾರಮಿನಲ್ಲಿ ಇತ್ತು, ಇಳಿಸಿದ್ದೆ.
ಅದಕ್ಕೂ ಹಿಂದಿನದರಲ್ಲೂ ಇತ್ತು.

ಆ ರಾತ್ರಿ ಊಟದ ಮೇಜಿನ ಹತ್ತಿರ ಸುಮ್ಮನೆ ನಿಂತೆ.
ಗಂಜಿ ಮುಗಿದ ಮೇಲೆ ಉಮ್ಮಾಲಿಯುಮ್ಮ
ತಟ್ಟದ ಅಂಚಿನ ಗಂಟು ಬಿಚ್ಚಿ,
ಶಾರ್ಜಾದ ಅಳಿಯ ಕಳಿಸಿದ್ದು, ಜೇನಹನಿಯಂಥ ಕ್ಯಾಪ್ಸೂಲು
ತನಗೊಂದು, ಪಾಟಾಳಿಗೊಂದು.
ಮೀನೆಣ್ಣೆ.
"ಮದ್ದಲ್ಲ ಮೋಳೇ, ಇದು ಮೀನು.
ಬಂಗುಡೆ ತಿಂದರೂ ಬರೀತೀಯಾ?"

ಪಾಟಾಳಿಯವರು ಮಾತ್ರ ನಗಲಿಲ್ಲ.
ಕಪ್ಪಾದ ತೋಳು ಮೇಜಿನ ಮೇಲಿಟ್ಟು
ಟ್ರಿಪ್ ಶೀಟಿನ ಮಾತು ತೆಗೆದರು:
"ಸ್ಟೇಜಿಗೊಮ್ಮೆ ತಲೆ ಎಣಿಸಿ ಬರೀಬೇಕು ಮಾರಾಯ್ತಿ.
ಹೊಸಂಗಡಿಯಲ್ಲಿ ಬರೆದದ್ದನ್ನೇ ಉಪ್ಪಳದಲ್ಲೂ ಬರೆದರೆ
ಬಂದ್ಯೋಡಿನಲ್ಲಿ ಚೆಕಿಂಗಿನವ ಹತ್ತುತ್ತಾನೆ.
ಟಿಕೆಟು ಇದ್ದವರು ಹೇಗೂ ಲೆಕ್ಕಕ್ಕೆ ಸಿಗ್ತಾರೆ.
ಪುಕ್ಕಟೆ ಹತ್ತಿದವರನ್ನು ಮೊದಲು ಬರಿ."

ಇದರಿಂದಲೇ ಅಂತ ಹೇಳಲಿಕ್ಕಾಗದು, ಎಂದರು ಡಾಕ್ಟರು ಫೋನಿನಲ್ಲಿ.
ಆದರೆ ನನಗೆ ಗೊತ್ತಿರಬೇಕಿತ್ತು.

ಹನ್ನೊಂದೂವರೆಗೆ ಗೂಡ್ಸು ಗಾಡಿ ಹೋಯಿತು, ಸೂಜಿಯ ತಟ್ಟೆ ಅದುರಿತು.
"ಇಲ್ಲ" ಎಂಬುದರ ಮೇಲೆ ಒಂದೇ ಒಂದು ಗೆರೆ ಎಳೆದೆ.
ಗೀಚಿ ಮುಚ್ಚಬಾರದು, ಹಳೇ ತಪ್ಪು ಓದಲು ಸಿಗಬೇಕು, ಅದು ನಿಯಮ.
ಪಕ್ಕದಲ್ಲಿ ಸಹಿ, ತಾರೀಕು.
ಮೀನೆಣ್ಣೆ, ಸಾವಿರ ಮಿಲಿಗ್ರಾಮು, ರಾತ್ರಿ ಊಟದ ನಂತರ.
ಕೊಟ್ಟವರು: ಏಳನೇ ಮಂಚ.
ಎಷ್ಟು ದಿನ?

ಬೆಳಿಗ್ಗೆ ಕೇಳಿದೆ. ಪಾಟಾಳಿಯವರು ಬೆರಳು ಮಡಚಿದರು.
"ಐದು. ಶುಕ್ರವಾರ, ಶನಿವಾರ ಇಲ್ಲ."
ಯಾಕೆ?
"ಆ ಎರಡು ದಿನ ಅವರು ನನ್ನ ಹತ್ತಿರ ಮಾತಾಡಲಿಲ್ಲ.
ಟಿವಿ ರಿಮೋಟಿನ ಜಗಳ."

ಅದಕ್ಕೆ ಕಾಲಮು ಇಲ್ಲ.
ಐದು ಎಂದು ಬರೆದೆ.